ಮಣ್ಣಿನ ಗೋಡೆ ಮತ್ತು ಮಾನದ ಪ್ರಶ್ನೆ: ಸುಸ್ಥಿರ ಕಟ್ಟಡ ಸಂಶೋಧನೆಯ ಸಾಮಾಜಿಕ ನೆಲೆಗಳು

ಮನೆಯೊಂದು 'ಪಕ್ಕಾ' ಎನಿಸಿಕೊಳ್ಳುವುದು ಯಾವಾಗ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಎಂಜಿನಿಯರಿಂಗ್ ಶಾಸ್ತ್ರಕ್ಕೆ ಸೇರಿದ್ದೆಂದು ತೋರುತ್ತದೆ. ಆದರೆ ಭಾರತದ ಜನಗಣತಿ ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಪರಿಶೀಲಿಸಿದರೆ ಅದು ಅಷ್ಟೇ ಪ್ರಮಾಣದಲ್ಲಿ ಸಾಮಾಜಿಕ ಪ್ರಶ್ನೆಯೂ ಆಗಿದೆಯೆಂಬುದು ಸ್ಪಷ್ಟವಾಗುತ್ತದೆ. 2001ರ ಜನಗಣತಿಯು ಗೋಡೆ ಮತ್ತು ಚಾವಣಿಗಳ ಸಾಮಗ್ರಿಯನ್ನು ಆಧರಿಸಿ ಮನೆಗಳನ್ನು ಶಾಶ್ವತ, ಅರೆಶಾಶ್ವತ ಮತ್ತು ತಾತ್ಕಾಲಿಕ ಎಂದು ವಿಂಗಡಿಸಿತು. ಈ ವಿಂಗಡಣೆಯಲ್ಲಿ ಮಣ್ಣು ಹಾಗೂ ಹಸಿ ಇಟ್ಟಿಗೆಗಳು ತಾತ್ಕಾಲಿಕ ಸಾಮಗ್ರಿಗಳ ಪಟ್ಟಿಗೆ ಸೇರಿದವು; ತಗಡು ಮತ್ತು ಕಲ್ನಾರಿನ ಶೀಟುಗಳು ಶಾಶ್ವತ ಸಾಮಗ್ರಿಗಳ ಪಟ್ಟಿಯಲ್ಲಿ ಸ್ಥಾನ ಪಡೆದವು. ಪರಿಣಾಮವಾಗಿ, ಮೂರು ತಲೆಮಾರು ಬಾಳಿದ ಮಣ್ಣಿನ ಗೋಡೆಯ ಮಾಳಿಗೆ ಮನೆ ತಾತ್ಕಾಲಿಕವೆನಿಸಿತು. ನಿನ್ನೆ ಎಬ್ಬಿಸಿದ ತಗಡಿನ ಮನೆ ಶಾಶ್ವತವೆನಿಸಿತು. ವರ್ಗೀಕರಣವು ವಾಸ್ತವವನ್ನು ಬರಿದೇ ದಾಖಲಿಸುವುದಿಲ್ಲ. ಅದು ಮೌಲ್ಯವನ್ನೂ ನಿರ್ಧರಿಸುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಇದೇ ಅವಧಿಯಲ್ಲಿ ಮಣ್ಣನ್ನು ಭವಿಷ್ಯದ ಕಟ್ಟಡ ಸಾಮಗ್ರಿಯೆಂದು ಪ್ರತಿಪಾದಿಸುವ ಸಂಶೋಧನೆಯೂ ದೇಶದಲ್ಲಿ ನಡೆದಿತ್ತು. ಒಂದೆಡೆ ಪ್ರಭುತ್ವ ಕೈಬಿಡಬೇಕೆಂದ ಸಾಮಗ್ರಿ, ಇನ್ನೊಂದೆಡೆ ವಿಜ್ಞಾನ ಎತ್ತಿಹಿಡಿದ ಸಾಮಗ್ರಿ. ಇವೆರಡರ ನಡುವೆ ಆ ಮನೆಯಲ್ಲಿ ಬಾಳುವ ಜನರ ಅಭಿಪ್ರಾಯಕ್ಕೆ ದೊರೆತ ಸ್ಥಾನ ಯಾವುದು? ಸುಸ್ಥಿರ ಕಟ್ಟಡ ಕುರಿತ ಸಂಶೋಧನೆಯ ಸಾಧನೆ ಮತ್ತು ಕೊರತೆಗಳನ್ನು ಈ ಪ್ರಶ್ನೆಯ ಬೆಳಕಿನಲ್ಲಿ, ವಿಶೇಷವಾಗಿ ಕರ್ನಾಟಕದ ಅನುಭವವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

1. ಶಕ್ತಿಯ ಲೆಕ್ಕ ಮತ್ತು ಅದರ ಮಿತಿ

ಕರ್ನಾಟಕದಲ್ಲಿ ಈ ಸಂಶೋಧನೆಯ ಮೂಲವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದಲ್ಲಿ ಗುರುತಿಸಬಹುದು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಅದರ ಧ್ಯೇಯವಾಗಿತ್ತು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಕೇಂದ್ರದ ವಿಸ್ತರಣಾ ಘಟಕ ಕೆಲಸ ಮಾಡಿತು. ಕೆ. ಎಸ್. ಜಗದೀಶ್, ಬಿ. ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಬಳಕೆಗೆ ತಂದರು. ಭಾರತೀಯ ಮಾನಕ ಸಂಸ್ಥೆಯ 1725ನೆಯ ಸಂಖ್ಯೆಯ ಮಾನಕ ಮಣ್ಣಿನ ಇಟ್ಟಿಗೆಗೆ ಸಂಬಂಧಿಸಿದ್ದು. 1982ರಲ್ಲಿಯೂ 2013ರಲ್ಲಿಯೂ ಅದು ಪರಿಷ್ಕೃತಗೊಂಡಿತು. ಹೀಗೆ ಹಳ್ಳಿಯ ಸಾಮಾನ್ಯ ಮಣ್ಣು ಶಾಸ್ತ್ರೀಯ ಮನ್ನಣೆ ಪಡೆಯಿತು.

ಈ ಪರಂಪರೆಯ ಅತ್ಯಂತ ಪ್ರಭಾವಿ ಪರಿಕಲ್ಪನೆ 'ಅಂತರ್ಗತ ಶಕ್ತಿ'. ಸಾಮಗ್ರಿಯನ್ನು ತಯಾರಿಸಲು, ಸಾಗಿಸಲು, ಕಟ್ಟಲು ವ್ಯಯವಾದ ಒಟ್ಟು ಶಕ್ತಿಯೇ ಅದರಲ್ಲಿ ಹುದುಗಿದ ಶಕ್ತಿ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಟ್ಟ ಇಟ್ಟಿಗೆಯ ಭಾರವಾಹಿ ಗೋಡೆಗಳ ಎರಡಂತಸ್ತಿನ ಕಟ್ಟಡಕ್ಕೆ ಪ್ರತಿ ಚದರ ಮೀಟರಿಗೆ 2.92 ಗಿಗಾಜೂಲ್ ಶಕ್ತಿ ಬೇಕಾದರೆ, ಮಣ್ಣಿನ ಇಟ್ಟಿಗೆ ಮೊದಲಾದ ಪರ್ಯಾಯ ಸಾಮಗ್ರಿಗಳ ಕಟ್ಟಡಕ್ಕೆ 1.61 ಗಿಗಾಜೂಲ್ ಸಾಕಾಗುತ್ತದೆ. ಪರ್ಯಾಯ ಸಾಮಗ್ರಿಯ ಬಳಕೆಯಿಂದ ಶಕ್ತಿಯ ವ್ಯಯ ಅರ್ಧದ ಹತ್ತಿರಕ್ಕೆ ಇಳಿಯಬಲ್ಲದು ಎಂಬ ಈ ನಿರ್ಣಯದ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಭಾವನೆಯ ಮಟ್ಟದಲ್ಲಿದ್ದ ಒಂದು ನಿಲುವನ್ನು ಅದು ಅಳತೆಯ ಮಟ್ಟಕ್ಕೆ ತಂದಿತು.

ಆದರೆ ಅಳತೆಯ ಮಾನ ಯಾವುದು ಎಂಬುದು ಇಲ್ಲಿ ನಿರ್ಣಾಯಕವಾಗುತ್ತದೆ. ಪ್ರತಿ ಚದರ ಮೀಟರಿನ ಲೆಕ್ಕವು ಮನೆಯ ಗಾತ್ರವನ್ನು ಮರೆಮಾಚುತ್ತದೆ. ಮೇಲಿನ ಅಂಕಿಗಳನ್ನೇ ಉದಾಹರಣೆಗಾಗಿ ಅನ್ವಯಿಸುವುದಾದರೆ, ನಾಲ್ವರು ವಾಸಿಸುವ 400 ಚದರ ಮೀಟರಿನ ಮಣ್ಣಿಟ್ಟಿಗೆಯ ಬಂಗಲೆಯಲ್ಲಿ 644 ಗಿಗಾಜೂಲ್ ಶಕ್ತಿ ಅಡಗಿರುತ್ತದೆ. ನಾಲ್ವರೇ ವಾಸಿಸುವ 40 ಚದರ ಮೀಟರಿನ ಸುಟ್ಟ ಇಟ್ಟಿಗೆಯ ಮನೆಯಲ್ಲಿ ಸುಮಾರು 117 ಗಿಗಾಜೂಲ್ ಮಾತ್ರ. ಚದರ ಮೀಟರಿನ ಲೆಕ್ಕದಲ್ಲಿ ಮೊದಲನೆಯದು ಪರಿಸರಸ್ನೇಹಿ. ತಲಾ ಲೆಕ್ಕದಲ್ಲಿ ಅದರ ಭಾರ ಐದು ಪಟ್ಟಿಗೂ ಹೆಚ್ಚು. ಭಾರತದಲ್ಲಿ 2000ದ ನಂತರ ಬಳಕೆಗೆ ಬಂದ ಹಸಿರು ಕಟ್ಟಡ ಶ್ರೇಣೀಕರಣ ವ್ಯವಸ್ಥೆಗಳು ಕಟ್ಟಡವನ್ನೇ ಘಟಕವಾಗಿ ಪರಿಗಣಿಸುತ್ತವೆ. ಅಷ್ಟು ದೊಡ್ಡ ಕಟ್ಟಡ ಅಗತ್ಯವಿತ್ತೇ ಎಂಬ ಪ್ರಶ್ನೆ ಅವುಗಳ ಚೌಕಟ್ಟಿನ ಕೇಂದ್ರದಲ್ಲಿ ಇರುವುದಿಲ್ಲ. ಛೇದವನ್ನು ಆರಿಸುವ ಕ್ರಿಯೆಯೇ ಒಂದು ಸಾಮಾಜಿಕ ತೀರ್ಮಾನವೆಂಬುದನ್ನು ತಾಂತ್ರಿಕ ಸಂಶೋಧನೆ ಸಾಕಷ್ಟು ಚರ್ಚಿಸಿಲ್ಲ.

2. ಹೊಸ ಗೂರ್ನಾದ ಪಾಠ

ಜನರ ಹಿತಕ್ಕಾಗಿಯೇ ರೂಪಿಸಿದ ಕಟ್ಟಡವನ್ನು ಜನರೇ ನಿರಾಕರಿಸಿದ ಪ್ರಸಂಗಗಳಲ್ಲಿ ಈಜಿಪ್ಟಿನ ಹೊಸ ಗೂರ್ನಾ ಅತ್ಯಂತ ಪ್ರಸಿದ್ಧವಾದುದು. ಲಕ್ಸಾರ್ ಬಳಿಯ ಪ್ರಾಚೀನ ಗೋರಿಗಳ ಮೇಲೆ ನೆಲೆಸಿದ್ದ ಗೂರ್ನಾದ ಜನರನ್ನು ಸ್ಥಳಾಂತರಿಸಲು 1945ರಲ್ಲಿ ಸರ್ಕಾರ ಯೋಜನೆ ಹಾಕಿ, ಹೊಸ ಊರಿನ ವಿನ್ಯಾಸವನ್ನು ವಾಸ್ತುಶಿಲ್ಪಿ ಹಸನ್ ಫಾತಿಗೆ ವಹಿಸಿತು. ಫಾತಿ ಹಸಿ ಇಟ್ಟಿಗೆಯನ್ನು ಬಳಸಿ, ನೂಬಿಯಾ ಸೀಮೆಯ ಗಾರೆ ಕೆಲಸಗಾರರ ಕೌಶಲದಿಂದ ಮರದ ಆಧಾರವಿಲ್ಲದೆ ಕಮಾನು ಗುಮ್ಮಟಗಳನ್ನು ಕಟ್ಟಿಸಿದರು. ಅಗ್ಗ, ತಂಪು, ಸುಂದರ ಎಂಬ ಮೂರೂ ಮಾನದಂಡಗಳಲ್ಲಿ ಅದು ಗೆದ್ದ ವಿನ್ಯಾಸ. ಆದರೂ ಊರು ಪೂರ್ಣಗೊಳ್ಳಲಿಲ್ಲ. ಬಹುಪಾಲು ಜನ ಅಲ್ಲಿಗೆ ಬರಲಿಲ್ಲ.

ಫಾತಿ 1969ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಅಧಿಕಾರಶಾಹಿಯ ಅಡ್ಡಿಗಳನ್ನು ವಿವರವಾಗಿ ದಾಖಲಿಸಿದ್ದಾರೆ. ಅವರ ದೂರಿನಲ್ಲಿ ಸತ್ಯಾಂಶವಿದೆ. ಆದರೆ ನಂತರದ ವಿಮರ್ಶಕರು ಬೇರೆ ಎರಡು ಕಾರಣಗಳತ್ತಲೂ ಗಮನ ಸೆಳೆದರು. ಗೂರ್ನಾದವರ ಜೀವನೋಪಾಯ ಅವರ ಹಳೆಯ ನೆಲೆಗೇ ಅಂಟಿಕೊಂಡಿತ್ತು ಎಂಬುದು ಒಂದು. ಆ ಪ್ರದೇಶದಲ್ಲಿ ಗುಮ್ಮಟವು ಸಮಾಧಿಯನ್ನು ನೆನಪಿಸುವ ರೂಪವಾಗಿತ್ತು, ವಾಸದ ಮನೆಗೆ ಅದು ಸಲ್ಲದೆಂಬ ಭಾವನೆ ಇತ್ತು ಎಂಬುದು ಇನ್ನೊಂದು. ಅಂದರೆ ಸಾಮಗ್ರಿ ಸ್ಥಳೀಯವಾಗಿದ್ದರೂ ರೂಪ ಸ್ಥಳೀಯವಾಗಿರಲಿಲ್ಲ; ರೂಪ ಪರಂಪರಾಗತವಾಗಿದ್ದರೂ ಆ ಪರಂಪರೆ ಬೇರೆ ಸೀಮೆಯದಾಗಿತ್ತು.

ಇದೇ 1969ರಲ್ಲಿ ಪ್ರಕಟವಾದ ಏಮಸ್ ರಾಪೊಪೋರ್ಟ್ ಅವರ ಗ್ರಂಥವು ಮನೆಯ ರೂಪವನ್ನು ನಿರ್ಧರಿಸುವಲ್ಲಿ ಸಾಮಾಜಿಕ, ಸಾಂಸ್ಕೃತಿಕ ಅಂಶಗಳೇ ಪ್ರಧಾನ; ಹವಾಮಾನ, ಸಾಮಗ್ರಿ, ತಂತ್ರಗಳು ಆ ರೂಪವನ್ನು ಮಾರ್ಪಡಿಸುವ ಅಂಶಗಳು ಎಂದು ವಾದಿಸಿತು. ಜಾನ್ ಟರ್ನರ್ 1970ರ ದಶಕದಲ್ಲಿ ವಸತಿಯನ್ನು ನಾಮಪದವಾಗಿ ನೋಡದೆ ಕ್ರಿಯಾಪದವಾಗಿ ನೋಡಬೇಕೆಂದರು. ಮನೆ ಏನಾಗಿದೆ ಎನ್ನುವುದಕ್ಕಿಂತ ಅದು ವಾಸಿಸುವವರ ಬದುಕಿನಲ್ಲಿ ಏನು ಮಾಡುತ್ತದೆ ಎಂಬುದು ಮುಖ್ಯ ಎಂಬುದು ಅವರ ನಿಲುವು. ಈ ಎರಡು ಚಿಂತನೆಗಳು ಸಮಾಜಶಾಸ್ತ್ರದಲ್ಲಿ ಬೇರೂರಿದಷ್ಟು ಸುಸ್ಥಿರ ತಂತ್ರಜ್ಞಾನದ ಸಂಶೋಧನೆಯಲ್ಲಿ ಬೇರೂರಲಿಲ್ಲ ಎಂಬುದು ವಿಷಾದನೀಯ.

3. ಎರಡು ನೆಲ, ಎರಡು ಅರ್ಥ

ಕರ್ನಾಟಕದ ಸಂದರ್ಭಕ್ಕೆ ಮರಳುವುದಾದರೆ, ಮಣ್ಣು ಎಲ್ಲೆಡೆಯೂ ಒಂದೇ ಅಲ್ಲ ಎಂಬುದನ್ನು ಮೊದಲು ಗಮನಿಸಬೇಕಾಗುತ್ತದೆ. ಸಿಮೆಂಟ್ ಬೆರೆಸಿ ಒತ್ತುವ ಇಟ್ಟಿಗೆಗೆ ಮರಳಿನಂಶ ಹೆಚ್ಚಿರುವ, ಜೇಡಿಯ ಅಂಶ ಮಿತವಾಗಿರುವ ಮಣ್ಣು ಸೂಕ್ತ. ಹಳೆಯ ಮೈಸೂರು ಸೀಮೆಯ ಕೆಮ್ಮಣ್ಣು ಅಲ್ಪಸ್ವಲ್ಪ ಮಾರ್ಪಾಟಿನಿಂದ ಇದಕ್ಕೆ ಒದಗುತ್ತದೆ. ನೀರು ಕುಡಿದಾಗ ಹಿಗ್ಗಿ ಒಣಗಿದಾಗ ಬಿರಿಯುವ ಉತ್ತರ ಕರ್ನಾಟಕದ ಎರೆಮಣ್ಣಿಗೆ ಸಾಕಷ್ಟು ಮರಳನ್ನೋ ಸುಣ್ಣವನ್ನೋ ಸೇರಿಸದೆ ಇದು ಸಾಧ್ಯವಾಗುವುದಿಲ್ಲ. ಎರೆಸೀಮೆಯ ಜನ ಕಂಡುಕೊಂಡ ಪರಿಹಾರವೇ ಬೇರೆ: ದಪ್ಪ ಗೋಡೆ, ತೊಲೆ ಜಂತಿಗಳ ಮೇಲೆ ಹಾಸಿದ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ, ಮುಂದೆ ಪಡಸಾಲೆ, ನೆಲದಡಿ ಕಾಳಿನ ಹಗೇವು. ಆದ್ದರಿಂದ 'ಸ್ಥಳೀಯ ಸಾಮಗ್ರಿ' ಎಂಬ ಒಂದೇ ಪದದಡಿ ಈ ಎರಡನ್ನೂ ಸೇರಿಸುವುದು ಶಾಸ್ತ್ರೀಯವಾಗಲಾರದು.

ಸ್ಥಳೀಯತೆಯೂ ಕಾಲಬದ್ಧವಾದದ್ದು. ಕರಾವಳಿ ಮತ್ತು ಮಲೆನಾಡಿನ ಮನೆಗಳ ಸಹಜ ಲಕ್ಷಣವೆಂದು ಇಂದು ಭಾವಿಸಲಾಗುವ ಮಂಗಳೂರು ಹೆಂಚು 1860ರ ದಶಕದಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಕಾರ್ಖಾನೆಯ ಉತ್ಪನ್ನ. ಅದು ಹುಲ್ಲು ಸೋಗೆಗಳನ್ನು ಸ್ಥಳಾಂತರಿಸಿದ ಆಧುನಿಕ ವಸ್ತು. ಒಂದು ಶತಮಾನದಲ್ಲಿ ಅದೇ ಪರಂಪರೆಯಾಯಿತು. ಹೀಗಿರುವಾಗ ಸಿಮೆಂಟನ್ನು ಬಯಸುವ ಗ್ರಾಮಸ್ಥರನ್ನು ಪರಂಪರೆಯನ್ನು ಮರೆತವರೆಂದು ದೂರುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ಮಣ್ಣಿನ ಸಾಮಾಜಿಕ ಅರ್ಥವೂ ನೆಲೆಯಿಂದ ನೆಲೆಗೆ ಬದಲಾಗುತ್ತದೆ. ಹಳ್ಳಿಗಾಗಿ ರೂಪಿತವಾದ ಮಣ್ಣಿನ ಇಟ್ಟಿಗೆಗೆ ಬೆಂಗಳೂರಿನ ವಿದ್ಯಾವಂತ ಮಧ್ಯಮ ವರ್ಗದಲ್ಲಿ ಒಲವು ಬೆಳೆಯಿತು. ಗಿಲಾವು ಮಾಡದೆ ಬಿಟ್ಟ ಮಣ್ಣಿನ ಗೋಡೆ ಅಲ್ಲಿ ಅಭಿರುಚಿಯ, ಪರಿಸರಪ್ರಜ್ಞೆಯ ಗುರುತು. ಹಳ್ಳಿಯಲ್ಲಿ ಅದೇ ಗೋಡೆ ಬಡತನದ ಗುರುತು. ಇಟ್ಟಿಗೆ ಒಂದೇ, ಅದರ ಬಲವೂ ಒಂದೇ. ವ್ಯತ್ಯಾಸವಿರುವುದು ಅದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯದಲ್ಲಿ. ಸಿಮೆಂಟಿನ ಮನೆ ಕಟ್ಟಬಲ್ಲವನು ಮಣ್ಣನ್ನು ಆರಿಸಿಕೊಂಡರೆ ಅದು ಆಯ್ಕೆ. ಬೇರೆ ದಾರಿಯಿಲ್ಲದವನಿಗೆ ಅದು ವಿಧಿ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ಮನೆಯನ್ನು ಮದುವೆಯ ಜೊತೆಗಿಟ್ಟಿರುವುದು ಬರಿಯ ಖರ್ಚಿನ ಕಾರಣಕ್ಕಲ್ಲ. ಎರಡೂ ನಾಲ್ಕು ಜನರ ಎದುರು ಮಾನವನ್ನು ಪಣಕ್ಕಿಡುವ ಕಾರ್ಯಗಳು.

4. ಐದು ಮೈಲಿಯ ಆದರ್ಶ ಮತ್ತು ಕೇರಿಯ ವಾಸ್ತವ

ಕೇರಳವನ್ನು ಕಾರ್ಯಕ್ಷೇತ್ರವಾಗಿಸಿಕೊಂಡ ಲಾರಿ ಬೇಕರ್ (1917–2007) ಐದು ಮೈಲಿಯೊಳಗೆ ಸಿಗುವ ಸಾಮಗ್ರಿಯಿಂದ ಮನೆ ಕಟ್ಟಬೇಕೆಂಬ ಗಾಂಧೀಜಿಯವರ ವಿಚಾರವನ್ನು ತಮ್ಮ ಕೆಲಸದ ಪ್ರೇರಣೆಯೆಂದು ಸ್ಮರಿಸುತ್ತಿದ್ದರು. ಗೋಡೆಯ ನಡುವೆ ಪೊಳ್ಳು ಬಿಟ್ಟು ಇಟ್ಟಿಗೆಯನ್ನು ಉಳಿಸುವ ಜೋಡಣೆ, ಕಾಂಕ್ರೀಟನ್ನು ಉಳಿಸಲು ಚಾವಣಿಯಲ್ಲಿ ಹೆಂಚು ಹುದುಗಿಸುವ ವಿಧಾನ, ಸ್ಥಳದಲ್ಲಿಯೇ ಗಾರೆಯವರೊಡನೆ ಕುಳಿತು ವಿನ್ಯಾಸ ತಿದ್ದುವ ಕ್ರಮ ಇವೆಲ್ಲ ಅವರ ಕೊಡುಗೆಗಳು. 1985ರಲ್ಲಿ ಸ್ಥಾಪನೆಯಾದ ಕಾಸ್ಟ್‌ಫೋರ್ಡ್ ಸಂಸ್ಥೆ ಈ ಕ್ರಮವನ್ನು ಮುಂದುವರಿಸಿತು. ಬೇಕರ್ ತಂತ್ರಜ್ಞರಷ್ಟೇ ಅಲ್ಲ, ಮನೆಯವರ ಮಾತನ್ನು ಕಿವಿಗೊಟ್ಟು ಕೇಳಿದ ಸಮಾಜ ಸಂಶೋಧಕರೂ ಹೌದು.

ಆದರೆ ಐದು ಮೈಲಿಯ ಆದರ್ಶವು ಹಳ್ಳಿಯನ್ನು ಏಕಘಟಕವಾಗಿ ಕಾಣುತ್ತದೆ. ಬಿ. ಆರ್. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯ ರಮ್ಯ ಚಿತ್ರವನ್ನು ಖಂಡಿತವಾಗಿ ತಿರಸ್ಕರಿಸಿದ್ದನ್ನು ಇಲ್ಲಿ ನೆನೆಯಬೇಕು. ಸಾಂಪ್ರದಾಯಿಕ ಮನೆಯ ವಿನ್ಯಾಸ ಗಾಳಿ ಬೆಳಕುಗಳನ್ನು ಮಾತ್ರ ನಿಯಂತ್ರಿಸಲಿಲ್ಲ. ಯಾರು ಜಗಲಿಯವರೆಗೆ ಬರಬಹುದು, ಯಾರು ಅಂಗಳದಲ್ಲಿಯೇ ನಿಲ್ಲಬೇಕು, ಮುಟ್ಟಾದ ಹೆಣ್ಣು ಎಲ್ಲಿ ಇರಬೇಕು ಎಂಬುದನ್ನೂ ನಿಯಂತ್ರಿಸಿತು. ತೊಟ್ಟಿ ಮನೆಯ ಉಷ್ಣಾಂಶವನ್ನು ಅಳೆಯುವ ಸಂಶೋಧನೆ ಅದರ ಹೊಸ್ತಿಲುಗಳ ಕ್ರಮವನ್ನೂ ಓದಬೇಕಾಗುತ್ತದೆ. ಊರ ಹೊರಗಿನ ಕೇರಿಯಲ್ಲಿ ತಲೆಮಾರುಗಳ ಕಾಲ ಸೋಗೆಯ ಗುಡಿಸಲಿನಲ್ಲಿ ಬಾಳಿದ ಕುಟುಂಬ ತಾರಸಿ ಮನೆಯನ್ನು ಬಯಸಿದರೆ ಆ ಬಯಕೆ ಅಜ್ಞಾನವೂ ಅಲ್ಲ, ಅನುಕರಣೆಯೂ ಅಲ್ಲ. ಅದು ಸಮಾನತೆಯ ಹಕ್ಕುಮಂಡನೆ. ಅಂಥವರಿಗೆ ಮಣ್ಣಿನ ಶ್ರೇಷ್ಠತೆಯನ್ನು ಬೋಧಿಸುವ ನೈತಿಕ ಅಧಿಕಾರ ಸಿಮೆಂಟಿನ ಮನೆಯಲ್ಲಿರುವ ಸಂಶೋಧಕನಿಗೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಈ ಕ್ಷೇತ್ರ ಎದುರಿಸಲೇಬೇಕು.

5. ದುಡಿಮೆಯ ಲೆಕ್ಕ

ಶಕ್ತಿಯ ಲೆಕ್ಕದಲ್ಲಿ ಬಹುತೇಕ ಕಾಣದೆ ಉಳಿಯುವ ಇನ್ನೊಂದು ಅಂಶ ಮನುಷ್ಯರ ದುಡಿಮೆ. ಮಣ್ಣಿನ ಮನೆ ಕಟ್ಟಿ ಮುಗಿಸುವ ಮನೆಯಲ್ಲ. ವರ್ಷವರ್ಷವೂ ಕಾಯುವ ಮನೆ. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಮಣ್ಣು ಹಾಕಬೇಕು, ಹಬ್ಬಕ್ಕೆ ಗೋಡೆ ಸಾರಿಸಬೇಕು, ನೆಲಕ್ಕೆ ಸೆಗಣಿ ಬಳಿಯಬೇಕು. ಸಾರಣೆಯ ಕೆಲಸ ಬಹುಮಟ್ಟಿಗೆ ಹೆಂಗಸರದು, ಕೂಲಿಯಿಲ್ಲದ್ದು. ದನಕರು ಕಡಿಮೆಯಾದ, ಹೆಂಗಸರೂ ಕೂಲಿಗೆ ಹೋಗುವ, ಕೂಡುಕುಟುಂಬ ಒಡೆದ ಮನೆಯಲ್ಲಿ ಈ ಕೆಲಸ ನಿಂತುಹೋಗುತ್ತದೆ. ಕೆಲಸ ನಿಂತಾಗ ಗೋಡೆ ಕರಗುತ್ತದೆ. ಇಲ್ಲಿ ಸೋತದ್ದು ಸಾಮಗ್ರಿಯಲ್ಲ, ಅದನ್ನು ಕಾಯುತ್ತಿದ್ದ ಸಾಮಾಜಿಕ ವ್ಯವಸ್ಥೆ. 'ಕಡಿಮೆ ವೆಚ್ಚ' ಎಂಬ ಮಾತಿನಲ್ಲಿ ಈ ಉಚಿತ ದುಡಿಮೆಯ ಬೆಲೆ ಸೇರಿದೆಯೇ ಎಂದು ಕೇಳದ ಸಂಶೋಧನೆ ಅಪೂರ್ಣ.

ಕಟ್ಟುವವರ ಸ್ಥಿತಿಯೂ ಹೀಗೆಯೇ ಉಪೇಕ್ಷಿತ. ಮಣ್ಣು ಅಗೆಯುವ, ಕಲ್ಲು ಒಡೆಯುವ ವೃತ್ತಿಜ್ಞಾನವನ್ನು ತಲೆಮಾರುಗಳಿಂದ ಹೊತ್ತ ವಡ್ಡ ಸಮುದಾಯ, ಬರಗಾಲದಿಂದ ಬೆಂಗಳೂರಿಗೆ ವಲಸೆ ಬಂದ ಕಲಬುರಗಿ, ರಾಯಚೂರು, ಯಾದಗಿರಿ ಜಿಲ್ಲೆಗಳ ಕಾರ್ಮಿಕರು ನಗರದ ಕಟ್ಟಡಗಳನ್ನು ಎತ್ತಿದರು. ಅವರು ಬದುಕಿದ್ದು ಕೆಲಸದ ಜಾಗದ ತಗಡಿನ ಶೆಡ್ಡುಗಳಲ್ಲಿ. ಕಟ್ಟಡ ಕಾರ್ಮಿಕರ ಉದ್ಯೋಗ ಮತ್ತು ಸೇವಾ ಷರತ್ತುಗಳ ಕುರಿತ ಕೇಂದ್ರ ಕಾನೂನು ಬಂದದ್ದು 1996ರಲ್ಲಿ. ಅದರೊಂದಿಗೆ ಕಟ್ಟಡ ವೆಚ್ಚದ ಮೇಲೆ ಕಲ್ಯಾಣ ಸೆಸ್ ವಿಧಿಸುವ ವ್ಯವಸ್ಥೆಯೂ ಬಂದಿತು. ಆದರೂ ಹಸಿರು ಕಟ್ಟಡದ ಮೌಲ್ಯಮಾಪನದಲ್ಲಿ ನೀರು, ವಿದ್ಯುತ್ತು, ಸಾಮಗ್ರಿಗಳಿಗೆ ಸಿಗುವ ತೂಕ ಕಾರ್ಮಿಕನ ಬದುಕಿಗೆ ಸಿಗುವುದಿಲ್ಲ. ಸುಟ್ಟ ಇಟ್ಟಿಗೆಗೆ ಬದಲಾಗಿ ಸ್ಥಳದಲ್ಲಿಯೇ ಒತ್ತಿದ ಇಟ್ಟಿಗೆ ಬಳಸಿದಾಗ ಉಳಿಯುವ ಸೌದೆಯ ಲೆಕ್ಕವಿದೆ. ದಿನವಿಡೀ ಆ ಯಂತ್ರದ ಹಿಡಿಯನ್ನು ಎಳೆಯುವ ತೋಳಿನ ಲೆಕ್ಕ ವಿರಳ.

6. ವಿಪತ್ತು ಕಲಿಸಿದ್ದು

ವಿಪತ್ತುಗಳ ಸಂದರ್ಭದಲ್ಲಿ ಸಾಮಗ್ರಿಯ ಮತ್ತು ಸಮಾಜದ ಪ್ರಶ್ನೆಗಳು ಒಂದನ್ನೊಂದು ಬಿಡಿಸಲಾಗದಂತೆ ಹೆಣೆದುಕೊಳ್ಳುತ್ತವೆ. 1993ರ ಸೆಪ್ಟೆಂಬರ್ 30ರ ಲಾತೂರ್ ಭೂಕಂಪದಲ್ಲಿ ಮಣ್ಣಿನ ಗಾರೆಯ ಕಲ್ಲುಗೋಡೆ, ಭಾರವಾದ ಮಣ್ಣಿನ ಮಾಳಿಗೆಗಳ ಮನೆಗಳು ಕುಸಿದು ಸಾವಿರಾರು ಜನ ಸತ್ತರು. ವರ್ಷವರ್ಷವೂ ಮಾಳಿಗೆಗೆ ಹೊಸ ಮಣ್ಣು ಪೇರಿಸುವ ರೂಢಿಯೇ ಚಾವಣಿಯ ಭಾರವನ್ನು ಹೆಚ್ಚಿಸಿತ್ತು. ಪರಂಪರೆಯ ಸಮರ್ಥಕರು ಮರೆಯಬಾರದ ಸತ್ಯವಿದು. 2001ರ ಜನವರಿ 26ರ ಕಚ್ಛ್ ಭೂಕಂಪದಲ್ಲಿ ಅದೇ ಮಣ್ಣಿನಿಂದ ಕಟ್ಟಿದ ದುಂಡನೆಯ 'ಭೂಂಗಾ' ಮನೆಗಳು ಹೋಲಿಕೆಯಲ್ಲಿ ಚೆನ್ನಾಗಿ ತಾಳಿಕೊಂಡವು. ಪರಂಪರೆಯ ವಿರೋಧಿಗಳು ಮರೆಯಬಾರದ ಸತ್ಯ ಇದು. ಮಣ್ಣು ಸುರಕ್ಷಿತವೋ ಅಸುರಕ್ಷಿತವೋ ಎಂಬ ಪ್ರಶ್ನೆಯೇ ತಪ್ಪು. ಯಾವ ರೂಪದಲ್ಲಿ, ಯಾರ ಕೌಶಲದಲ್ಲಿ, ಯಾವ ಆರೈಕೆಯಲ್ಲಿ ಎಂಬುದು ಸರಿಯಾದ ಪ್ರಶ್ನೆ.

ಉತ್ತರ ಕರ್ನಾಟಕದ 2009ರ ಪ್ರವಾಹದಲ್ಲಿ ಅಪಾರ ಸಂಖ್ಯೆಯ ಮಣ್ಣಿನ ಮನೆಗಳು ನೆಲಕಚ್ಚಿದವು. ಅನಂತರದ 'ಆಸರೆ' ಯೋಜನೆಯಡಿ ಎತ್ತರದ ಸ್ಥಳಗಳಲ್ಲಿ ಕಾಂಕ್ರೀಟಿನ ಮನೆಗಳ ಸಾಲುಗಳು ಎದ್ದವು. ನೆರೆಯಿಂದ ರಕ್ಷಣೆ ಎಂಬ ದೃಷ್ಟಿಯಿಂದ ಅದು ಅಗತ್ಯದ ಕೆಲಸ. ಆದರೆ ಒಕ್ಕಲುತನದ ಮನೆಗೆ ಬೇಕಾದುದು ಎರಡು ಕೋಣೆ ಮಾತ್ರವಲ್ಲ. ಎತ್ತು ಕಟ್ಟುವ ಜಾಗ, ಕಾಳು ಇಡುವ ಜಾಗ, ಹೊಲಕ್ಕೆ ಹತ್ತಿರದ ದಾರಿ, ಓಣಿಯ ನೆರೆಹೊರೆ. ಇವು ಇಲ್ಲದ ಕಡೆ ಹೊಸ ಮನೆ ಬೀಗ ಹಾಕಿಕೊಂಡು, ಹಳೆಯ ಊರಿನಲ್ಲಿಯೇ ಒಲೆ ಉರಿಯುವುದು ಅಸಹಜವೇನಲ್ಲ. ಗೂರ್ನಾದ ಪಾಠ ಮಲಪ್ರಭೆಯ ದಡದಲ್ಲಿಯೂ ಪ್ರಸ್ತುತ.

7. ಸಮಾರೋಪ

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗವು ಪಕ್ಕಾ ಮನೆಯನ್ನು ಸಾಮಗ್ರಿಯ ಹೆಸರಿನಿಂದ ಮಾತ್ರವಲ್ಲದೆ, ಸಾಧಾರಣ ನಿರ್ವಹಣೆಯೊಡನೆ ಕನಿಷ್ಠ 30 ವರ್ಷ ತಾಳಬಲ್ಲ ಮನೆ ಎಂಬ ಗುಣದಿಂದಲೂ ಗುರುತಿಸಿತು. ಅದೇ ಯೋಜನೆಗಾಗಿ ದೇಶದ ವಿವಿಧ ಪ್ರದೇಶಗಳ ಮನೆಯ ಮಾದರಿಗಳನ್ನು ಅಧ್ಯಯನ ಮಾಡಿ 'ಪಹಲ್' ಎಂಬ ಸಂಕಲನವನ್ನೂ ಸಿದ್ಧಪಡಿಸಲಾಯಿತು. 2001ರ ಪಟ್ಟಿಗೆ ಹೋಲಿಸಿದರೆ ಇದು ಮುನ್ನಡೆ. ಆದರೆ ಅರ್ಹರನ್ನು ಗುರುತಿಸಲು ಆಧಾರವಾದ 2011ರ ಸಾಮಾಜಿಕ-ಆರ್ಥಿಕ ಗಣತಿ ಕಚ್ಚಾ ಗೋಡೆ, ಕಚ್ಚಾ ಚಾವಣಿ ಎಂಬ ಹಳೆಯ ಭಾಷೆಯನ್ನೇ ಮುಂದುವರಿಸಿತ್ತು. ಒಳ್ಳೆಯ ಮಣ್ಣಿನ ಗೋಡೆ ಇದ್ದವನಿಗೂ ನೆರವು ಸಿಗುವುದು ಹೊಸ ಮನೆ ಕಟ್ಟಲು. ಇದ್ದ ಗೋಡೆಯನ್ನು ಬಲಪಡಿಸಲು ಅಲ್ಲ. ಗೋಡೆಯೊಂದಿಗೆ ಅದನ್ನು ಕಟ್ಟಬಲ್ಲವರ ಕೌಶಲವೂ ಹೋಗುತ್ತದೆ.

ಒಟ್ಟಿನಲ್ಲಿ, ಸುಸ್ಥಿರ ಕಟ್ಟಡದ ಸಂಶೋಧನೆ ಕರ್ನಾಟಕದಲ್ಲಿ ಸಾಮಗ್ರಿಯನ್ನು ಕುರಿತು ದೃಢವಾದ ಜ್ಞಾನವನ್ನು ನೀಡಿದೆ. ಆ ಜ್ಞಾನವಿಲ್ಲದೆ ಪ್ರಸ್ತುತ ಚರ್ಚೆಯೂ ಸಾಧ್ಯವಾಗುತ್ತಿರಲಿಲ್ಲ. ಆದರೆ ಸಮಾಜವನ್ನು ಅದು ತಂತ್ರಜ್ಞಾನ ತಲುಪಬೇಕಾದ ಸ್ಥಳವೆಂದು ಕಂಡಿತೇ ಹೊರತು ಜ್ಞಾನದ ಮೂಲವೆಂದು ಕಂಡದ್ದು ಕಡಿಮೆ. ಮುಂದಿನ ಅಧ್ಯಯನಗಳು ಚದರ ಮೀಟರಿನ ಜೊತೆಗೆ ತಲಾ ಲೆಕ್ಕವನ್ನೂ, ಕಟ್ಟುವ ವೆಚ್ಚದ ಜೊತೆಗೆ ಕಾಯುವ ದುಡಿಮೆಯನ್ನೂ, ಗೋಡೆಯ ಬಲದ ಜೊತೆಗೆ ಹೊಸ್ತಿಲಿನ ಇತಿಹಾಸವನ್ನೂ ದಾಖಲಿಸಬೇಕಾಗಿದೆ. ಮನೆ ಹಸ್ತಾಂತರವಾದ ದಿನಕ್ಕೆ ಮುಗಿಯುವ ವರದಿಗಳ ಬದಲು, ಹತ್ತು ವರ್ಷಗಳ ನಂತರ ಅದೇ ಮನೆಗೆ ಹಿಂದಿರುಗಿ ಅಲ್ಲಿ ಏನು ಬದಲಾಗಿದೆ, ಯಾವ ಗೋಡೆ ಒಡೆದು ಯಾವುದು ಎದ್ದಿದೆ, ಏಕೆ ಎಂದು ಕೇಳುವ ಕ್ಷೇತ್ರಕಾರ್ಯ ಬೇಕಾಗಿದೆ. ಮಣ್ಣಿನ ಮನೆಯಲ್ಲಿರುವವನು ಕಾಂಕ್ರೀಟನ್ನೂ, ಕಾಂಕ್ರೀಟಿನ ಮನೆಯಲ್ಲಿರುವವನು ಮಣ್ಣನ್ನೂ ಸಮಾನ ಮಾನದಿಂದ ಆರಿಸಿಕೊಳ್ಳಬಲ್ಲ ಸ್ಥಿತಿ ಬಂದಾಗ ಮಾತ್ರ ಸಾಮಗ್ರಿಯ ಚರ್ಚೆ ನಿಜಕ್ಕೂ ಸಾಮಗ್ರಿಯ ಚರ್ಚೆಯಾಗುತ್ತದೆ. ಅಲ್ಲಿಯವರೆಗೆ ಅದು ಮಾನದ ಚರ್ಚೆಯೇ ಆಗಿ ಉಳಿಯುತ್ತದೆ.